ಎಲ್‌ಸ್ಯಾಟ್ ಮೂರನೇ ಸಲ ಬರೆದರೆ ಅಮೆರಿಕದ ಲಾ ಸ್ಕೂಲುಗಳು ಯಾವ ಸ್ಕೋರು ಹಿಡಿಯುತ್ತವೆ?

ನೀವು ಕೇಳಿರುವುದು ಇಷ್ಟು: ಊರಲ್ಲಿ ಬಿಇ ಮುಗಿಸಿದ್ದೀರಿ, ಅಮೆರಿಕದಲ್ಲಿ ಜೆಡಿ, ಅಂದರೆ ಅಲ್ಲಿನ ಕಾನೂನು ಡಿಗ್ರಿ, ಮಾಡಬೇಕು ಅಂತಿದ್ದೀರಿ. ಎಲ್‌ಸ್ಯಾಟ್ ಅನ್ನುವ ಲಾ ಸ್ಕೂಲು ಪ್ರವೇಶ ಪರೀಕ್ಷೆಯನ್ನು ಎರಡು ಸಲ ಬರೆದಾಗಿದೆ, 158 ಮತ್ತು 163 ಬಂದಿದೆ. ಮೂರನೇ ಸಲ ಬರೆದರೆ ಎಲ್ಲ ಕೂಡಿಸಿ ಸರಾಸರಿ ತೆಗೆಯುತ್ತಾರಾ, ಪದೇ ಪದೇ ಬರೆದವರು ಅಂತ ಕೀಳಾಗಿ ನೋಡುತ್ತಾರಾ, ಹಳೇ 158 ಅಳಿಸಿಹಾಕಬಹುದಾ?

ನಾನು ಜೆಡಿ ಓದಿದ್ದು ಇಲ್ಲೇ, ಅಮೆರಿಕದಲ್ಲಿ. ನಮ್ಮ ಕಡೆಯಿಂದ ಬರುವ ಹುಡುಗ ಹುಡುಗಿಯರ ಅರ್ಜಿಗಳನ್ನು ಆಗಾಗ ನೋಡಿಕೊಡುತ್ತಿರುತ್ತೇನೆ. ಹತ್ತರಲ್ಲಿ ಒಂಬತ್ತು ಜನ ಕೇಳುವ ಪ್ರಶ್ನೆ ಇದೇ.

ನೇರವಾಗಿ ಹೇಳುತ್ತೇನೆ. ನೀವು ಬರೆದ ಎಲ್ಲ ಸ್ಕೋರೂ ಅವರ ಕಣ್ಣಿಗೆ ಬೀಳುತ್ತವೆ. ಆದರೆ ಹೆಚ್ಚಿನ ಸ್ಕೂಲುಗಳಲ್ಲಿ ಲೆಕ್ಕಕ್ಕೆ ಬರುವುದು ಅವುಗಳಲ್ಲಿ ಜಾಸ್ತಿ ಇರುವ ಒಂದೇ ಒಂದು.

ಸರಾಸರಿ ತೆಗೆಯುತ್ತಾರೆ ಅಂತ ನಿಮಗೆ ಯಾರಾದರೂ ಹೇಳಿದ್ದರೆ ಅದು ಹಳೇ ಕಾಲದ ಮಾತು. 2006ರವರೆಗೆ ಹಾಗೇ ಇತ್ತು. ಇಲ್ಲಿನ ಲಾ ಸ್ಕೂಲುಗಳಿಗೆ ಮಾನ್ಯತೆ ಕೊಡುವುದು ಅಮೆರಿಕನ್ ಬಾರ್ ಅಸೋಸಿಯೇಷನ್. ಆಯಾ ವರ್ಷ ಸೇರಿದ ವಿದ್ಯಾರ್ಥಿಗಳ ಎಲ್‌ಸ್ಯಾಟ್ ಅಂಕಿಗಳನ್ನು ಪ್ರತಿ ಸ್ಕೂಲೂ ಅದಕ್ಕೆ ಒಪ್ಪಿಸಬೇಕು. ಮೊದಲೆಲ್ಲ ಒಬ್ಬರು ಎರಡು ಮೂರು ಸಲ ಬರೆದಿದ್ದರೆ ಸರಾಸರಿಯನ್ನೇ ಕೊಡಬೇಕಿತ್ತು. 2006ರಲ್ಲಿ ನಿಯಮ ಬದಲಾಯಿತು, ಅತಿ ಹೆಚ್ಚಿನ ಸ್ಕೋರು ಕೊಡಿ ಅಂದರು. ಅಲ್ಲಿಂದಾಚೆಗೆ ಸ್ಕೂಲುಗಳ ಕಣ್ಣೂ ಅದರ ಮೇಲೇ ನೆಟ್ಟಿದೆ.

ಯಾಕೆ ಅಂದರೆ ಇದರಲ್ಲಿ ಅವರ ಸ್ವಾರ್ಥವೂ ಇದೆ. ಪ್ರತಿ ವರ್ಷ ಡಿಸೆಂಬರ್ 15ರ ಹೊತ್ತಿಗೆ ಪ್ರತಿ ಸ್ಕೂಲೂ '509 ವರದಿ' ಅಂತ ಒಂದನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಅದರಲ್ಲಿ ಆ ವರ್ಷ ಸೇರಿದವರ ಎಲ್‌ಸ್ಯಾಟ್ ಮೀಡಿಯನ್ (ಎಲ್ಲರ ಸ್ಕೋರನ್ನು ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವುದು) ಇರುತ್ತದೆ, ಮೇಲಿನ ಮತ್ತು ಕೆಳಗಿನ ಕಾಲು ಭಾಗದ ಗೆರೆಗಳೂ ಇರುತ್ತವೆ. ರ‍್ಯಾಂಕಿಂಗ್ ಪಟ್ಟಿ ಮಾಡುವ ಯುಎಸ್ ನ್ಯೂಸ್ ಈ ಮೀಡಿಯನ್ ಎತ್ತಿಕೊಳ್ಳುತ್ತದೆ. 2022ರಲ್ಲಿ ಯೇಲ್, ಹಾರ್ವರ್ಡ್ ಮೊದಲಾದವು ಆ ರ‍್ಯಾಂಕಿಂಗಿನ ಸಹವಾಸವೇ ಬೇಡ ಅಂತ ಹೊರಬಂದವು, ಮರುವರ್ಷ ಯುಎಸ್ ನ್ಯೂಸ್ ಎಲ್‌ಸ್ಯಾಟ್‌ಗೆ ಕೊಡುವ ತೂಕವನ್ನೂ ಇಳಿಸಿತು. ಆದರೂ ಮೀಡಿಯನ್ ಮೇಲಿನ ಮೋಹ ಯಾರಿಗೂ ಹೋಗಿಲ್ಲ.

ನಿಮ್ಮದೇ ಉದಾಹರಣೆ ತಗೊಳ್ಳೋಣ. ಒಂದು ಸ್ಕೂಲಿನ ಮೀಡಿಯನ್ 165 ಅಂತ ಇಟ್ಟುಕೊಳ್ಳಿ. 200 ಜನರ ಕ್ಲಾಸು. ನೀವು 163 ಹಿಡಿದುಕೊಂಡು ಹೋದರೆ ಗೆರೆಯ ಕೆಳಗಿನ ಅರ್ಧದಲ್ಲಿ ಒಬ್ಬರು. ಅದೇ 166 ತಂದರೆ ಮೇಲಿನ ಅರ್ಧದಲ್ಲಿ ಒಬ್ಬರು, ಅವರ ಮೀಡಿಯನ್ ಬೀಳದಂತೆ ಹಿಡಿದು ನಿಲ್ಲಿಸುವವರು. ಸ್ಕಾಲರ್‌ಶಿಪ್ ದುಡ್ಡು ಹರಿಯುವುದೂ ಆ ಕಡೆಗೇ. 158 ಅನ್ನುವುದು ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಹಾಗಾಗಿ ಎಷ್ಟು ಸಲ ಬರೆದಿರಿ ಅನ್ನುವುದಕ್ಕಿಂತ, ನೀವು ಹಾಕಬೇಕೆಂದಿರುವ ಸ್ಕೂಲುಗಳ ಗೆರೆ ದಾಟುತ್ತೀರಾ ಅನ್ನುವುದು ಮುಖ್ಯ. ಮೂರನೇ ಸಲಕ್ಕೆ 250 ಡಾಲರ್ ಆಸುಪಾಸು ಕಟ್ಟುವ ಮುಂಚೆ ಆ ಸ್ಕೂಲುಗಳ 509 ವರದಿ ತೆಗೆದು ನೋಡಿ. ಸುಮ್ನೆ ಅಂದಾಜಿನ ಮೇಲೆ ಹೋಗಬೇಡಿ.

ಭಾರತದಲ್ಲಿ ಡಿಗ್ರಿ ಮಾಡಿದವರಿಗೆ ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಇಲ್ಲಿನ ಹುಡುಗರಿಗೆ ಎಲ್‌ಸ್ಯಾಟ್ ಜೊತೆಗೆ ಜಿಪಿಎ ಅಂತ, ಅಂದರೆ ಡಿಗ್ರಿಯ ಗ್ರೇಡುಗಳ ಸರಾಸರಿ ಅಂತ, ಒಂದು ಅಂಕಿ ಇರುತ್ತದೆ, ಅದರ ಮೀಡಿಯನ್ ಕೂಡ ಅದೇ ವರದಿಯಲ್ಲಿ ಬರುತ್ತದೆ. ನಮ್ಮ ಮಾರ್ಕ್ಸ್ ಕಾರ್ಡನ್ನು ಪರೀಕ್ಷೆ ನಡೆಸುವ ಎಲ್‌ಸ್ಯಾಕ್ ಸಂಸ್ಥೆಯವರು ಜಿಪಿಎಗೆ ಬದಲಾಯಿಸುವುದಿಲ್ಲ. 'ಸುಪೀರಿಯರ್', 'ಅಬವ್ ಆವರೇಜ್', 'ಆವರೇಜ್', 'ಬಿಲೋ ಆವರೇಜ್' ಅಂತ ಒಂದು ಮುದ್ರೆ ಒತ್ತಿ ಕಳಿಸುತ್ತಾರೆ. ಅಂದರೆ ಸ್ಕೂಲಿನ ಜಿಪಿಎ ಮೀಡಿಯನ್‌ಗೆ ನೀವು ಲಾಭವೂ ಅಲ್ಲ, ನಷ್ಟವೂ ಅಲ್ಲ. ನಿಮ್ಮ ಕಡೆಯಿಂದ ಅವರಿಗೆ ಸಿಗುವ ಅಂಕಿ ಎಲ್‌ಸ್ಯಾಟ್ ಒಂದೇ. ಇಲ್ಲಿ ಓದಿ 3.9 ಜಿಪಿಎ ಇರುವ ಹುಡುಗಿ ಎಲ್‌ಸ್ಯಾಟ್‌ನಲ್ಲಿ ಒಂದೆರಡು ಪಾಯಿಂಟ್ ಕಮ್ಮಿ ಇದ್ದರೂ ಆ ಕಡೆಯಿಂದ ತೂಗಿಸಬಹುದು. ನಿಮಗೆ ಆ ದಾರಿ ಇಲ್ಲ. ಇದೊಂದೇ ಕಾರಣಕ್ಕೆ ನಮ್ಮವರಿಗೆ ಮರುಪರೀಕ್ಷೆ ಇಲ್ಲಿಯವರಿಗಿಂತ ಜಾಸ್ತಿ ಲಾಭ ಅಂತ ನನ್ನ ಅಭಿಪ್ರಾಯ.

ಈಗ, ಕೀಳಾಗಿ ನೋಡುತ್ತಾರಾ ಅನ್ನುವ ಭಯ. ನಿಮ್ಮ ಫೈಲು ಓದುವವರ ಮುಂದೆ ಎಲ್‌ಸ್ಯಾಕ್ ಕಳಿಸಿದ ವರದಿ ಇರುತ್ತದೆ. ಒಂದೊಂದು ಪರೀಕ್ಷೆಗೂ ತಾರೀಖು, ಸ್ಕೋರು, ಪರ್ಸೆಂಟೈಲ್. ಪಕ್ಕದಲ್ಲಿ ಸ್ಕೋರ್ ಬ್ಯಾಂಡ್ ಅಂತ ಇರುತ್ತದೆ: 163 ಬಂದವರ ನಿಜವಾದ ಮಟ್ಟ ಸುಮಾರು 160ರಿಂದ 166ರ ನಡುವೆ ಎಲ್ಲಾದರೂ ಇರಬಹುದು ಅಂತ. ಸರಾಸರಿಯನ್ನೂ ಹಾಕಿರುತ್ತಾರೆ, ಅದನ್ನು ನೋಡಿ ಗಾಬರಿಯಾಗಬೇಡಿ. ಎರಡು ಮೂರು ಸಲ ಬರೆಯುವುದು ಈಗ ಮಾಮೂಲಿ. 158, 163, 167 ಅಂತ ಹತ್ತಿಕೊಂಡು ಹೋಗಿದ್ದರೆ ಯಾರೂ ಹುಬ್ಬೇರಿಸುವುದಿಲ್ಲ. 163, 162, 163, 161 ಅಂತ ನಿಂತಲ್ಲೇ ನಿಂತಿದ್ದರೆ ಮಾತ್ರ 'ಇವರು ತಯಾರಿ ಇಲ್ಲದೆ ಮತ್ತೆ ಮತ್ತೆ ಯಾಕೆ ಕೂತರು' ಅನ್ನಿಸುತ್ತದೆ. ಮೇಲಿನ ಹಂತದ ಕೆಲವು ಸ್ಕೂಲುಗಳು ಎಲ್ಲ ಸ್ಕೋರುಗಳನ್ನೂ ಒಟ್ಟಿಗೆ ಇಟ್ಟು ನೋಡುತ್ತೇವೆ ಅಂತ ತಾವೇ ಹೇಳಿಕೊಳ್ಳುತ್ತವೆ. ಅಲ್ಲಿ ಇದು ಸ್ವಲ್ಪ ತಟ್ಟೀತು.

ಸ್ಕೋರಿನಲ್ಲಿ ದೊಡ್ಡ ಜಿಗಿತ ಇದ್ದರೆ, ಹತ್ತು ಪಾಯಿಂಟಿನ ಹಾಗೆ, ಅರ್ಜಿ ಜೊತೆ ಒಂದು ಸಣ್ಣ ಅಡೆಂಡಮ್, ಅಂದರೆ ವಿವರಣೆಯ ಟಿಪ್ಪಣಿ, ಇಡಿ. ಉದ್ದ ಬೇಡ. 'ಮೊದಲ ಪರೀಕ್ಷೆ ಬರೆದಾಗ ಫುಲ್‌ಟೈಮ್ ಕೆಲಸ ಮಾಡುತ್ತಿದ್ದೆ, ಓದಲು ಆರು ವಾರ ಸಿಕ್ಕಿತ್ತು. ಎರಡನೆಯದಕ್ಕೆ ಕೆಲಸ ಬಿಟ್ಟು ಐದು ತಿಂಗಳು ಓದಿದೆ. ಎರಡನೇ ಸ್ಕೋರು ನನ್ನ ಶಕ್ತಿಯನ್ನು ಸರಿಯಾಗಿ ತೋರಿಸುತ್ತದೆ.' ಇಷ್ಟೇ ಸಾಕು. ನಿಮ್ಮ 158ರಿಂದ 163ಕ್ಕೆ ಅಡೆಂಡಮ್ಮೇ ಬೇಕಾಗಿಲ್ಲ. ಐದು ಪಾಯಿಂಟಿಗೆ ಒಂದು ಪುಟ ಕಣ್ಣೀರು ಸುರಿಸಿದವರನ್ನು ನೋಡಿದ್ದೇನೆ, ಅದು ಅವರ ಫೈಲಿಗೇ ಕೆಡುಕು.

ಹಾಗಾದರೆ ಬರೆಯಬೇಕಾ? ಎಲ್‌ಸ್ಯಾಕ್‌ನ ಲಾಹಬ್ ವೆಬ್‌ಸೈಟಿನಲ್ಲಿ ಹಳೇ ನಿಜವಾದ ಪ್ರಶ್ನೆಪತ್ರಿಕೆಗಳು ಸಿಗುತ್ತವೆ. ಗಡಿಯಾರ ಇಟ್ಟುಕೊಂಡು, ಸೆಕ್ಷನ್‌ಗೆ 35 ನಿಮಿಷದ ಹಾಗೆ, ನಾಲ್ಕೈದು ಬರೆದು ನೋಡಿ. ಸರಾಸರಿ 166-167 ಬರುತ್ತಿದ್ದರೆ ಕಣ್ಣು ಮುಚ್ಚಿಕೊಂಡು ಬರೆಯಿರಿ. 163ರ ಸುತ್ತಲೇ ಗಿರಕಿ ಹೊಡೆಯುತ್ತಿದ್ದರೆ ತಾರೀಖು ಮುಂದಕ್ಕೆ ಹಾಕಿ. ಮತ್ತೆ ಬರೆದವರಿಗೆ ಸಾಮಾನ್ಯವಾಗಿ ಏರುವುದು ಎರಡು ಮೂರು ಪಾಯಿಂಟು, ಕೆಲವರಿಗೆ ಇಳಿಯುವುದೂ ಉಂಟು. ಒಂದು ವೇಳೆ ನಿಮ್ಮ ಮೊದಲ ಪರೀಕ್ಷೆ 2024ರ ಆಗಸ್ಟ್‌ಗಿಂತ ಮುಂಚಿನದಾದರೆ ಇನ್ನೊಂದು ಗಮನಿಸಿ: ಆಗ ಲಾಜಿಕ್ ಗೇಮ್ಸ್ ಅನ್ನುವ ತರ್ಕದ ಒಗಟುಗಳ ಸೆಕ್ಷನ್ ಇತ್ತು, ಆಮೇಲೆ ತೆಗೆದುಹಾಕಿದರು. ಗೇಮ್ಸ್‌ನಲ್ಲಿ ಒದ್ದಾಡಿದವರಿಗೆ ಹೊಸ ಪರೀಕ್ಷೆ ಒಳ್ಳೆಯದೇ. ನಮ್ಮ ಇಂಜಿನಿಯರ್‌ಗಳು ಗೇಮ್ಸ್‌ನಲ್ಲೇ ಮಾರ್ಕ್ಸ್ ಬಾಚುತ್ತಿದ್ದರು ಅಲ್ವಾ, ಅವರಿಗೆ ಮಾತ್ರ ಹೊಟ್ಟೆ ಉರಿ.

ಮಿತಿ ಇದೆ: ಐದು ವರ್ಷದ ಅವಧಿಯಲ್ಲಿ ಐದು ಸಲ, ಜೀವಮಾನಕ್ಕೆ ಏಳು ಸಲ. ಕ್ಯಾನ್ಸಲ್ ಮಾಡಿದ್ದೂ ಎಣಿಕೆಗೆ ಬರುತ್ತದೆ.

ತಾರೀಖಿನ ವಿಷಯ ಹಗುರವಾಗಿ ತಗೊಳ್ಳಬೇಡಿ. ಇಲ್ಲಿ ಹೆಚ್ಚಿನ ಸ್ಕೂಲುಗಳು ಅರ್ಜಿ ಬಂದ ಹಾಗೆ ನೋಡುತ್ತಾ, ಸೀಟು ಕೊಡುತ್ತಾ ಹೋಗುತ್ತವೆ. ಅಕ್ಟೋಬರ್ ಪರೀಕ್ಷೆ ಬರೆದು ನವೆಂಬರ್‌ನಲ್ಲಿ ಅರ್ಜಿ ಹಾಕಿದರೆ ಚೆನ್ನ. ಜನವರಿ ಪರೀಕ್ಷೆಗೆ ಹೆಸರು ಕೊಟ್ಟಿದ್ದೀರಿ ಅಂತ ಗೊತ್ತಾದರೆ ಕೆಲವರು ಆ ಸ್ಕೋರು ಬರುವ ತನಕ ನಿಮ್ಮ ಫೈಲನ್ನು ಪಕ್ಕಕ್ಕಿಡುತ್ತಾರೆ. ಅಷ್ಟರಲ್ಲಿ ಸೀಟೂ ಸ್ಕಾಲರ್‌ಶಿಪ್ಪೂ ಕರಗಿರುತ್ತವೆ. 163ರಲ್ಲೇ ನೋಡಿ ಅನ್ನುವುದಾದರೆ ಅಡ್ಮಿಷನ್ ಆಫೀಸಿಗೆ ಒಂದು ಇಮೇಲ್ ಹಾಕಿ, ಕಾಯಬೇಡಿ ಅಂತ ಹೇಳಬಹುದು. ಮತ್ತೆ, ನಿಮ್ಮ ಯೂನಿವರ್ಸಿಟಿಯಿಂದ ಎಲ್‌ಸ್ಯಾಕ್‌ಗೆ ಟ್ರಾನ್ಸ್‌ಕ್ರಿಪ್ಟ್ ಕಳಿಸುವ ಕೆಲಸ ಇವತ್ತೇ ಶುರು ಮಾಡಿ. ಪರೀಕ್ಷೆಗಿಂತ ಅದಕ್ಕೇ ಜಾಸ್ತಿ ದಿನ ಹಿಡಿಯುವುದನ್ನು ಕಂಡಿದ್ದೇನೆ.

ಇನ್ನು 158 ಅಳಿಸುವ ಮಾತು. ಆಗುವುದಿಲ್ಲ. ಸ್ಕೋರ್ ಪ್ರಿವ್ಯೂ ಅಂತ ಬೇರೆ ದುಡ್ಡು ಕಟ್ಟಿದವರಿಗೆ ಸ್ಕೋರು ನೋಡಿದ ಮೇಲೆ ಇಟ್ಟುಕೊಳ್ಳಲೋ ಬಿಡಲೋ ಅಂತ ಯೋಚಿಸಲು ಆರು ದಿನ ಕೊಡುತ್ತಾರೆ, ಅಷ್ಟೇ. ಮೂರನೇ ಪರೀಕ್ಷೆಗೆ ಬೇಕಾದರೆ ಅದನ್ನು ತಗೊಳ್ಳಿ. ಕ್ಯಾನ್ಸಲ್ ಮಾಡಿದರೆ ಸ್ಕೂಲಿಗೆ ಅಂಕಿ ಕಾಣುವುದಿಲ್ಲ, ಕ್ಯಾನ್ಸಲ್ ಮಾಡಿದ್ದು ಕಾಣುತ್ತದೆ. ನಾನಾಗಿದ್ದರೆ 160ಕ್ಕಿಂತ ಕೆಳಗೆ ಬಂದರೆ ಮಾತ್ರ ಕ್ಯಾನ್ಸಲ್ ಮಾಡುತ್ತಿದ್ದೆ, 162 ಬಂದರೆ ಸುಮ್ಮನೆ ಇಟ್ಟುಕೊಳ್ಳುತ್ತಿದ್ದೆ. ಎಲ್‌ಸ್ಯಾಟ್ ಮುಚ್ಚಿಟ್ಟು ಜಿಆರ್‌ಇ (ಮಾಸ್ಟರ್ಸ್ ಕೋರ್ಸುಗಳಿಗೆ ಬರೆಯುವ ಪರೀಕ್ಷೆ) ತೋರಿಸಿದರೆ ಹೇಗೆ ಅಂತಲೂ ಕೆಲವರು ಕೇಳುತ್ತಾರೆ. ಜಿಆರ್‌ಇ ತಗೊಳ್ಳುವ ಸ್ಕೂಲುಗಳು ಈಗ ಬೇಕಾದಷ್ಟಿವೆ, ಆದರೆ ಚಾಲ್ತಿಯಲ್ಲಿರುವ ಎಲ್‌ಸ್ಯಾಟ್ ಸ್ಕೋರು ಎಲ್‌ಸ್ಯಾಕ್ ವರದಿಯ ಜೊತೆ ತಾನಾಗಿಯೇ ಹೋಗುತ್ತದೆ.