ಓದುಗರ ಪ್ರಶ್ನೆ, ನಮ್ಮ ಉತ್ತರ: ರಿಂಗಿಗೂ ಒಂದು ರೇಟು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮೊಬೈಲ್ ಬಗ್ಗೇನೇ ಇದೆ. ಅದರಲ್ಲಿ ಕೆಲವು ಇಲ್ಲಿ.

ಪ್ರಶ್ನೆ: ಮಗ ಪುಣೆಯ ಹಿಂಜೇವಾಡಿಯಲ್ಲಿ ಕೆಲಸಕ್ಕಿದ್ದಾನೆ. ಫೋನ್ ಮಾಡಿದ್ರೆ ಎತ್ತೋದೇ ಇಲ್ಲ, ಎರಡು ನಿಮಿಷ ಬಿಟ್ಟು ವಾಟ್ಸಪ್ಪಲ್ಲಿ "ಏನಮ್ಮಾ, ಅರ್ಜೆಂಟಾ?" ಅಂತ ಟೈಪ್ ಮಾಡ್ತಾನೆ. ಮಾತಾಡೋಕೆ ಈಗ ದುಡ್ಡೇ ಬೇಡ, ಆದ್ರೂ ಈ ಮಕ್ಕಳಿಗೆ ಮಾತು ಯಾಕೆ ಇಷ್ಟು ತುಟ್ಟಿ?
(ಓದುಗರೊಬ್ಬರು, ಡೊಂಬಿವಲಿ)

ಉತ್ತರ: ಅಮ್ಮಾ, ಫೋನ್ ಎತ್ತದೇ ಇರೋದು ನಿಮ್ಮ ಮಗ ಕಂಡುಹಿಡಿದ ವಿದ್ಯೆ ಅಲ್ಲ. 1995ರ ಜುಲೈ 31ಕ್ಕೆ ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತಾದಿಂದ ದಿಲ್ಲಿಯಲ್ಲಿದ್ದ ಕೇಂದ್ರ ಟೆಲಿಕಾಂ ಮಂತ್ರಿ ಸುಖ್‌ರಾಮ್‌ಗೆ ದೇಶದ ಮೊದಲ ಮೊಬೈಲ್ ಕಾಲ್ ಮಾಡಿದ್ರಲ್ಲ, ಆಗ ಮಾಡಿದವರಿಗೂ ಬಿಲ್ಲು, ಎತ್ತಿದವರಿಗೂ ಬಿಲ್ಲು, ನಿಮಿಷಕ್ಕೆ 16 ರೂಪಾಯಿ ತನಕ ಇತ್ತು. ಆವಾಗ ನಮ್ಮೂರ ಹೋಟೆಲ್ ಸಾಹುಕಾರ್ರು ಮೊಬೈಲ್ ಬೆಲ್ಲಾದ್ರೆ ನಂಬರ್ ನೋಡಿ ಕಟ್ ಮಾಡಿ, ಗಲ್ಲಾದ ಪಕ್ಕದ ಲ್ಯಾಂಡ್‌ಲೈನಿಂದ ತಿರುಗಿ ಮಾಡೋರು. ಶರ್ಟಿನ ಜೇಬಲ್ಲಿ ಸೆಟ್ಟು ಎಲ್ಲರಿಗೂ ಕಾಣೋ ಹಾಗೆ ಇರ್ತಿತ್ತು, ಮಾತು ಮಾತ್ರ ಬೇರೆ ಫೋನಲ್ಲಿ! ಇನ್‌ಕಮಿಂಗ್ ಫ್ರೀ ಆಗಿದ್ದು 2003ರ ಮೇ ತಿಂಗಳಿಂದ, ಆಮೇಲೇನೇ ಜನ ಧೈರ್ಯವಾಗಿ ಎತ್ತೋಕೆ ಶುರು ಮಾಡಿದ್ದು.

ಈಗ ದುಡ್ಡಿನ ಖರ್ಚು ಹೋಯ್ತು, ಸಮಯದ ಖರ್ಚು ಹಾಗೇ ಉಳೀತು. ಕಾಲ್ ಅಂದ್ರೆ ಈಗಿಂದೀಗ್ಲೇ ಕೂತು ಮಾತಾಡಬೇಕು, ಮೀಟಿಂಗ್ ನಡೀತಿದ್ರೆ ಹೊರಗೆ ಎದ್ದು ಬರಬೇಕು, ಮೆಸೇಜ್ ಆದ್ರೆ ಕಾಯುತ್ತೆ. ಎರಡೇ ನಿಮಿಷದಲ್ಲಿ ಕೇಳ್ತಾನಲ್ಲ, ಅಷ್ಟರಮಟ್ಟಿಗೆ ಒಳ್ಳೆ ಹುಡುಗ ಅಂತ ನಾನು ಹೇಳ್ತೀನಿ. ಆದ್ರೆ "ಅರ್ಜೆಂಟಾ" ಅಂತ ಕೇಳೋದು ನನಗೂ ಸರಿ ಕಾಣಲ್ಲ, ತಾಯಿ ಫೋನ್ ಮಾಡೋಕೆ ಅರ್ಜೆಂಟೇ ಇರಬೇಕಾ. ರಾತ್ರಿ ಊಟ ಆದ್ಮೇಲೆ ಅವನೇ ಮಾಡ್ಲಿ ಅಂತ ಒಂದು ಟೈಮ್ ಗೊತ್ತು ಮಾಡಿಬಿಡಿ. ಬೇರೆ ಊರಿಗೆ ಎಸ್‌ಟಿಡಿ ಕಾಲ್ ಮಾಡ್ತಿದ್ದ ಕಾಲದಲ್ಲಿ ರಾತ್ರಿ ಹನ್ನೊಂದರ ಮೇಲೆ ಕಾಲುಭಾಗ ರೇಟು ಅಂತ ನಾವೆಲ್ಲ ಬೂತ್ ಮುಂದೆ ಕ್ಯೂ ನಿಂತು ಊರಿಗೆ ಮಾತಾಡ್ತಿರಲಿಲ್ವಾ, ಆ ಕಡೆಯವರೂ ನಿದ್ದೆಗೆಟ್ಟು ಕಾಯ್ತಾ ಕೂತಿರೋರು, ಟೈಮ್ ಗೊತ್ತಿದ್ರೆ ಎಲ್ಲರೂ ಎತ್ತುತ್ತಾರೆ.

ಪ್ರಶ್ನೆ: ನಮ್ಮ ಕಾಲದ ಮಿಸ್ಡ್ ಕಾಲ್ ಎಲ್ಲಿ ಹೋಯ್ತು ಮಾರಾಯ್ರೆ? ನನ್ನ ಮೊಮ್ಮಗಳಿಗೆ ಹೇಳಿದ್ರೆ ಅಜ್ಜನಿಗೆ ಅಷ್ಟು ಬಡತನವಾ ಅಂತ ನಗ್ತಾಳೆ.
(ನಿವೃತ್ತ ಹೋಟೆಲ್ ಮ್ಯಾನೇಜರ್, ಮಾಟುಂಗ)

ಉತ್ತರ: ಬಡತನ ಅಲ್ಲ ಅಂತ ಹೇಳಿ ಅವಳಿಗೆ, ಲೆಕ್ಕಾಚಾರ. ಒಂದು ರಿಂಗ್ ಅಂದ್ರೆ ಕುರ್ಲಾ ದಾಟಿದೆ, ಅನ್ನಕ್ಕಿಡು. ಎರಡು ಅಂದ್ರೆ ಬಿಲ್ಡಿಂಗ್ ಕೆಳಗಿದ್ದೀನಿ, ಇಳಿದು ಬಾ. ಪ್ರತಿ ಮನೆಯಲ್ಲೂ ಒಂದೊಂದು ಥರ ಒಪ್ಪಂದ, ಎದುರಿನವರು ಅಪ್ಪಿತಪ್ಪಿ ಎತ್ತಿಬಿಟ್ರೆ ಬೈಗುಳ, "ಎತ್ತಿದ್ಯಾಕೆ, ಒಂದು ರೂಪಾಯಿ ಹೋಯ್ತು!" ಹಬ್ಬದ ದಿನ ಎಸ್‌ಎಂಎಸ್ ಪ್ಯಾಕ್ ನಡೀತಿರಲಿಲ್ಲ, ಬ್ಲ್ಯಾಕೌಟ್ ಡೇ ಅಂತ ಪೂರಾ ರೇಟು ಹಾಕ್ತಿದ್ರು, ಅದಕ್ಕೇ ದೀಪಾವಳಿ ಶುಭಾಶಯ ಹಿಂದಿನ ದಿನವೇ ಬಂದು ಬೀಳ್ತಿತ್ತು.

ನಿಮ್ಮ ಮೊಮ್ಮಗಳಿಗೆ ಇನ್ನೊಂದು ಹೇಳಿ, ಇದು ನನಗೆ ಬಹಳ ಇಷ್ಟದ ಕತೆ. ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ಕಾಲ್ ಹೋದ್ರೆ, ಮಾಡಿದವರ ಕಂಪನಿ ಎತ್ತಿದವರ ಕಂಪನಿಗೆ ನಿಮಿಷಕ್ಕೆ 6 ಪೈಸೆ ಕೊಡಬೇಕಿತ್ತು. ಎತ್ತೋಕೆ ಮುಂಚೆನೇ ರಿಂಗ್ ನಿಂತುಬಿಟ್ರೆ ಏನಾಗುತ್ತೆ? ಎದುರಿನವರು ಮಿಸ್ಡ್ ಕಾಲ್ ನೋಡಿ ತಿರುಗಿ ಮಾಡ್ತಾರೆ, 6 ಪೈಸೆ ಉಲ್ಟಾ ಈ ಕಡೆ ಬರುತ್ತೆ. ಅದಕ್ಕೇ 2019ರಲ್ಲಿ ಕಂಪನಿಗಳು ರಿಂಗ್ ಆಗೋ ಹೊತ್ತನ್ನೇ 20-25 ಸೆಕೆಂಡಿಗೆ ಇಳಿಸಿ ಒಬ್ಬರ ಮೇಲೊಬ್ಬರು ದೂರು ಕೊಟ್ಕೊಂಡು ಫೋನ್ ಕಂಪನಿಗಳಿಗೆ ನಿಯಮ ಹಾಕೋ ಸರ್ಕಾರಿ ಸಂಸ್ಥೆ ಟ್ರಾಯ್ ಮುಂದೆ ಹೋದ್ರು. ಕೊನೆಗೆ ಅದೇ ವರ್ಷ ನವೆಂಬರಲ್ಲಿ ಟ್ರಾಯ್ ಮೊಬೈಲಿಗೆ 30 ಸೆಕೆಂಡ್, ಲ್ಯಾಂಡ್‌ಲೈನಿಗೆ 60 ಸೆಕೆಂಡ್ ಅಂತ ಕಟ್ಟು ಹಾಕ್ತು. 2021ರ ಜನವರಿ 1ರಿಂದ ಆ 6 ಪೈಸೆಯೂ ರದ್ದಾಯ್ತು. ಸಾವಿರಾರು ಕೋಟಿ ವ್ಯವಹಾರದವರು ಮಾಡಿದ್ದೂ ನಾವು ಚಾಲ್‌ನಲ್ಲಿ ಕೂತು ಮಾಡ್ತಿದ್ದ ಅದೇ ಕೆಲಸ.

ಪ್ರಶ್ನೆ: ಮದುವೆ ಕಾಗದ ಬರೀ ವಾಟ್ಸಪ್ಪಿಗೆ ಹಾಕಿ ಸುಮ್ಮನಾಗ್ತಾರೆ. ಇದು ಕರೆದ ಹಾಗಾ?
(ಓದುಗರೊಬ್ಬರು, ಚಿಂಚವಾಡ)

ಉತ್ತರ: ಕಾಗದದ ಜೊತೆ "ಬರಲೇಬೇಕು ಅತ್ತೆ" ಅಂತ ಒಂದು ಸಾಲು ನಿಮಗೇ ಅಂತ ಬರೆದಿದ್ರೆ ಕರೆದ ಹಾಗೆ. 80 ಜನರ ಗ್ರೂಪಿಗೆ ಹಾಕಿದ್ರೆ ಅದು ನೋಟೀಸ್, ಹೋಗೋದು ಬಿಡೋದು ನಿಮಗೆ ಬಿಟ್ಟಿದ್ದು. ಹೋದ್ರೆ ಊಟ ಇದ್ದೇ ಇರುತ್ತೆ. ಒಂದು ಮಾತ್ರ ಗಮನಿಸಿ, ಆಮಂತ್ರಣ ಪತ್ರಿಕೆ ಫೋಟೋ ಅಥವಾ ಪಿಡಿಎಫ್ ಆಗಿರಬೇಕು. ಹೆಸರಿನ ಕೊನೆಗೆ ಎಪಿಕೆ ಅಂತ ಇದ್ರೆ ಮುಟ್ಟಬೇಡಿ, ಅದು ಆ್ಯಪ್, ಇನ್‌ಸ್ಟಾಲ್ ಆಯ್ತು ಅಂದ್ರೆ ನಿಮ್ಮ ಓಟಿಪಿಗಳನ್ನೆಲ್ಲ ಬೇರೆಯವರು ಓದ್ತಾರೆ. ಗುರುತಿನವರ ನಂಬರಿಂದ ಬಂದಿದ್ರೂ ಅಷ್ಟೇ, ಅವರ ಫೋನೇ ಕೈತಪ್ಪಿ ಹೋಗಿರಬಹುದು. ದುಡ್ಡು ಹೋದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮ್ಮ ಮಾವನವರು ಫೋನಲ್ಲಿ ಕಿರುಚ್ತಾರೆ, ಇಡೀ ಸೊಸೈಟಿಗೆ ನಮ್ಮ ಮನೆ ವಿಷಯ ಗೊತ್ತು.
(ಗೃಹಿಣಿ, ವಸಾಯಿ)

ಉತ್ತರ: ಹಿಂದೆ ದೂರದೂರಿಗೆ ಆಪರೇಟರ್ ಜೋಡಿಸಿಕೊಡ್ತಿದ್ದ ಟ್ರಂಕ್ ಕಾಲಲ್ಲಿ ಕೂಗಿ ಕೂಗಿ ರೂಢಿಯಾದ ಗಂಟಲು, ಇನ್ನು ಬದಲಾಗಲ್ಲ. ಕಿವಿ ಮಂದ ಆಗಿದೆಯಾ ಅಂತ ಒಂದ್ಸಲ ತೋರಿಸಿ, ತನ್ನ ದನಿ ತನಗೆ ಕೇಳದೇ ಇದ್ರೂ ಜನ ಕೂಗ್ತಾರೆ.

ಪ್ರಶ್ನೆ: ವಿರಾರ್ ಲೋಕಲಲ್ಲಿ ಫೋನ್ ಹೋಯ್ತು. ಯಾರ ನಂಬರೂ ಬಾಯಲ್ಲಿ ಬರಲಿಲ್ಲ, ಹೆಂಡತಿದೂ!
(ಬ್ಯಾಂಕ್ ಉದ್ಯೋಗಿ, ಮೀರಾ ರೋಡ್)

ಉತ್ತರ: ಮೊದಲು ಸಿಮ್ ಬ್ಲಾಕ್ ಮಾಡಿಸಿ, ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ (ನಿಮಗೆ ನಾನು ಹೇಳಬೇಕಾ). ಪೊಲೀಸ್ ದೂರಿನ ಕಾಪಿ ತಗೊಳ್ಳಿ, ಅದೇ ನಂಬರಿನ ಹೊಸ ಸಿಮ್ ಬಂದ್ಮೇಲೆ ಸರ್ಕಾರದ ಸಂಚಾರ್ ಸಾಥಿ ಪೋರ್ಟಲಲ್ಲಿ ಐಎಂಇಐ (ಪ್ರತಿ ಫೋನಿಗೂ ಇರೋ ಗುರುತಿನ ನಂಬರ್) ಹಾಕಿ ಫೋನ್ ಬ್ಲಾಕ್ ಮಾಡಿಸಿ. ಆಮೇಲೆ ಬೇರೆ ಯಾರ ಸಿಮ್ ಹಾಕಿದ್ರೂ ದೇಶದ ಯಾವ ನೆಟ್‌ವರ್ಕಲ್ಲೂ ಅದು ನಡಿಯಲ್ಲ. ಐಎಂಇಐ ಫೋನ್ ಬಂದ ಡಬ್ಬಿ ಮೇಲಿರುತ್ತೆ. ಡಬ್ಬಿ ಬಿಸಾಡಿದವರು ಫೋನ್ ಕೈಲಿರೋವಾಗಲೇ *#06# ಒತ್ತಿ ಬರ್ಕೊಂಡಿರಿ. ಹೆಂಡತಿ ನಂಬರನ್ನ ಒಂದು ಚೀಟಿಲಿ ಬರೆದು ಟ್ರೇನ್ ಪಾಸಿನ ಜೊತೆ ಇಟ್ಕೊಳ್ಳಿ, ಆದ್ರೆ ಆ ಪಾಸೂ ಈಗ ಮೊಬೈಲಲ್ಲೇ ಇದ್ಯೋ ಏನೋ!