ತುಂಗಭದ್ರೆಯ ಎರಡು ದಂಡೆ, ಎರಡು ದಫ್ತರ

ಪ್ರಶ್ನೆ: ವಿಜಯನಗರ ಕಾಲದ ಕಾಲುವೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಹೇಗೆ ನಿರ್ವಹಣೆಯಾದವು ಎಂಬ ವಿಷಯದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಬೆಂಗಳೂರಿನಲ್ಲಿ ನಮ್ಮ ಭಾಗದ ದಾಖಲೆಗಳು ಹೆಚ್ಚು ಸಿಗಲಿಲ್ಲ. ಯಾವ ಗ್ರಂಥಾಲಯಗಳಲ್ಲಿ ಹುಡುಕಬೇಕು? ಲಂಡನ್ನಿಗೆ ಹೋಗಲೇಬೇಕೆ?
– ಸಂಶೋಧನಾ ವಿದ್ಯಾರ್ಥಿ, ಗಂಗಾವತಿ

ಉತ್ತರ: ನಿಮ್ಮ ಹುಡುಕಾಟದಲ್ಲಿ ಕೊರತೆಯಿಲ್ಲ; ಬೆಂಗಳೂರಿನಲ್ಲಿರುವುದು ಹೆಚ್ಚಾಗಿ ಮೈಸೂರು ಸರ್ಕಾರದ ದಾಖಲೆಗಳು, ಆ ಶತಮಾನದಲ್ಲಿ ನಮ್ಮ ಸೀಮೆ ಮೈಸೂರಿನ ಆಡಳಿತಕ್ಕೆ ಸೇರಿರಲೇ ಇಲ್ಲ. ನಿಜಾಮರು 1800ರಲ್ಲಿ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ತುಂಗಭದ್ರೆಯ ಬಲದಂಡೆ ಮದರಾಸಿನ ಕೈಗೆ ಹೋಯಿತು. ಎಡದಂಡೆಯ ಗಂಗಾವತಿ, ಕೊಪ್ಪಳಗಳು ಹೈದರಾಬಾದಿನಲ್ಲಿ ಉಳಿದವು. ಹೀಗಾಗಿ ಹಂಪಿ ಕಡೆಯ ತುರ್ತಾ ಕಾಲುವೆಯ ಕಾಗದಪತ್ರಗಳನ್ನು ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲಿ ಇಂಗ್ಲಿಷಿನಲ್ಲಿ ಓದಬೇಕಾದರೆ, ನದಿಯಾಚೆಯ ಆನೆಗೊಂದಿ ಭಾಗದವನ್ನು ಹೈದರಾಬಾದಿನ ರಾಜ್ಯ ಪತ್ರಾಗಾರದಲ್ಲಿ, ಪಾರಸಿ ಮತ್ತು ಉರ್ದು ದಫ್ತರಗಳ ನಡುವೆ ಹುಡುಕಬೇಕು. ಇದಕ್ಕೊಂದು ಅಪವಾದವಿದೆ, ನಿಮಗೆ ಅದು ಬಹಳ ಉಪಯುಕ್ತ: 1853ರಿಂದ 1860ರವರೆಗೆ ರಾಯಚೂರು ದೋಆಬ್, ಅಂದರೆ ಕೃಷ್ಣಾ–ತುಂಗಭದ್ರೆಗಳ ನಡುವಿನ ಸೀಮೆ, ಬ್ರಿಟಿಷರ ಆಡಳಿತದಲ್ಲಿತ್ತು. ಆ ವರ್ಷಗಳ ಮಟ್ಟಿಗೆ ಎಡದಂಡೆಯ ಬಗೆಗೂ ಇಂಗ್ಲಿಷ್ ಪತ್ರವ್ಯವಹಾರವನ್ನು ಶೋಧಿಸಿರಿ.

ಆದರೆ ಮೊದಲು ಹೋಗಬೇಕಾದದ್ದು ನಿಮ್ಮ ಮಗ್ಗುಲಲ್ಲೇ ಇರುವ ಹಂಪಿ ಕನ್ನಡ ವಿಶ್ವವಿದ್ಯಾಲಯದ ಅಕ್ಷರ ಗ್ರಂಥಾಲಯಕ್ಕೆ. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ ಆ ವಿಶ್ವವಿದ್ಯಾಲಯವೇ ಪ್ರಕಟಿಸಿದ ಕರ್ನಾಟಕದ ಕೈಫಿಯತ್ತುಗಳನ್ನು ಅಲ್ಲಿ ಕುಳಿತು ಓದಿರಿ. 1821ರಲ್ಲಿ ತೀರಿಕೊಂಡ ಸರ್ವೇಯರ್ ಕಾಲಿನ್ ಮೆಕೆಂಜಿ ತನ್ನ ಸಹಾಯಕರಿಂದ ಊರೂರಿನ ಶಾನುಭೋಗರ ಬಾಯಿಂದ, ಅವರ ಕವಿಲೆಗಳಿಂದ (ಊರಿನ ಹಳೆಯ ದಾಖಲೆ ಪುಸ್ತಕಗಳಿಂದ) ಬರೆಸಿಕೊಂಡ ವೃತ್ತಾಂತಗಳಿವು. ಊರಿಗೆ ಹೆಸರು ಬಂದ ಬಗೆ, ಕೆರೆ ಕಟ್ಟಿಸಿದವರು, ಗುಡಿಗೆ ಬಿಟ್ಟ ಇನಾಮು ಇವೆಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ಅಧಿಕಾರಿಗಳ ವರದಿಯಲ್ಲಿ ಕೇಳಿಸದ ಊರಿನವರ ದನಿ ಇಲ್ಲಿದೆ. ಮೂಲ ಹಸ್ತಪ್ರತಿಗಳಲ್ಲಿ ದೊಡ್ಡ ಪಾಲು ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿದೆ, ಉಳಿದ ಭಾಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಲಂಡನ್ ಕೊನೆಯ ಹೆಜ್ಜೆಯಾಗಲಿ. ಮದರಾಸು ಸರ್ಕಾರದ ನಡಾವಳಿಗಳ ಪ್ರತಿಗಳು ಅಲ್ಲಿಗೂ ಹೋಗುತ್ತಿದ್ದುದರಿಂದ ಚೆನ್ನೈಯಲ್ಲಿ ಜೀರ್ಣವಾದ ಸಂಪುಟ ಬ್ರಿಟಿಷ್ ಲೈಬ್ರರಿಯಲ್ಲಿ ಸಿಗುವ ಸಾಧ್ಯತೆಯಿದೆ. ಲಂಡನ್ ವಿಶ್ವವಿದ್ಯಾಲಯದ ಸೋಯಾಸ್ ಗ್ರಂಥಾಲಯದಲ್ಲಿ ಲಂಡನ್ ಮಿಷನರಿ ಸೊಸೈಟಿಯ ಕಾಗದಪತ್ರಗಳಿವೆ. ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದಂದಿನಿಂದ ಆ ಸಂಸ್ಥೆ ಇಲ್ಲಿ ನೆಲೆಯೂರಿತ್ತಾದ್ದರಿಂದ, 1876–78ರ ಭೀಕರ ಬರವನ್ನು ಬರೆಯುವಾಗ ಆ ಸಂಗ್ರಹವನ್ನು ಕಡೆಗಣಿಸುವಂತಿಲ್ಲ. ಡಬ್ಲ್ಯು. ಫ್ರಾನ್ಸಿಸ್‌ನ 1904ರ ಬಳ್ಳಾರಿ ಗ್ಯಾಸೆಟಿಯರ್‌ಗಾಗಿ ಮಾತ್ರ ಎಲ್ಲಿಗೂ ಹೋಗಬೇಕಿಲ್ಲ, ಅದು ಇಂಟರ್‌ನೆಟ್ ಆರ್ಕೈವ್‌ನಲ್ಲಿದೆ.

ಹೊರಡುವ ಮುನ್ನ ಭಾರತದ ಪಿಎಚ್.ಡಿ. ಪ್ರಬಂಧಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾದಲ್ಲಿ ಈ ವಿಷಯದ ಹಿಂದಿನ ಪ್ರಬಂಧಗಳನ್ನು ತೆರೆದು, ಅವುಗಳ ಅಡಿಟಿಪ್ಪಣಿಗಳಲ್ಲಿರುವ ಕಡತ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿರಿ. ಸಂಖ್ಯೆ ಕೈಯಲ್ಲಿದ್ದರೆ ಪತ್ರಾಗಾರದ ಸಿಬ್ಬಂದಿಗೆ ಕಡತ ತೆಗೆದುಕೊಡುವುದು ಸುಲಭ. ಮಾರ್ಗದರ್ಶಕರ ಪರಿಚಯಪತ್ರ ಜೊತೆಗಿರಲಿ. ನಮ್ಮ ಭಾಗದ ಚರಿತ್ರೆಯಲ್ಲಿ ಬಲದಂಡೆಯ ಕಥೆ ದಟ್ಟವಾಗಿಯೂ ಎಡದಂಡೆಯದು ತೆಳುವಾಗಿಯೂ ಇರುವುದಕ್ಕೆ ಉರ್ದು ದಫ್ತರಗಳನ್ನು ಓದುವವರು ಕಡಿಮೆಯಿರುವುದೇ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ. ಗಂಗಾವತಿಯಲ್ಲಾಗಲಿ ರಾಯಚೂರಿನಲ್ಲಾಗಲಿ ಉರ್ದು ಕಲಿಸುವ ಹಿರಿಯರು ಈಗಲೂ ಸಿಗುತ್ತಾರೆ. ಹೈದರಾಬಾದಿಗೆ ಟಿಕೆಟ್ ತೆಗೆಸುವ ಮೊದಲು ಅವರ ಬಳಿ ಲಿಪಿಯನ್ನಾದರೂ ಕಲಿಯಿರಿ.