‘ಛತ್ರಿ ಬೇಕು’ ಎಂದಾಗ ‘ಅನ್ನು’ ಎಲ್ಲಿ ಹೋಯಿತು?

ಪ್ರಶ್ನೆ: ಮೇಡಂ, ನಾನು ನರ್ಸಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಜರ್ಮನಿಯಲ್ಲಿ ಕೆಲಸ ಮಾಡುವ ಆಸೆಯಿಂದ ಆರು ತಿಂಗಳಿಂದ ಜರ್ಮನ್ ಕಲಿಯುತ್ತಿದ್ದೇನೆ. ‘ಡೇರ್’ ಹೋಗಿ ‘ಡೇನ್’ ಆಗುವ ಅಕುಜಾಟಿವ್ ವಿಭಕ್ತಿ ತಲೆಗೆ ಹತ್ತುತ್ತಿಲ್ಲ. ಅದು ನಮ್ಮ ದ್ವಿತೀಯಾ ವಿಭಕ್ತಿಯೇ ಎಂದು ಗೆಳತಿ ಹೇಳಿದಳು. ಹಾಗೆಂದುಕೊಂಡು ಬರೆದರೂ ಅರ್ಧಕ್ಕರ್ಧ ತಪ್ಪಾಗುತ್ತಿದೆ. ಎಲ್ಲಿ ಎಡವುತ್ತಿದ್ದೇನೆ?
— ವಿದ್ಯಾರ್ಥಿನಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಗೆಳತಿ ಮುಕ್ಕಾಲು ಪಾಲು ಸರಿ. ಉ, ಅನ್ನು, ಇಂದ, ಗೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಏಳರಲ್ಲಿ ಎರಡನೆಯದೇ ಇದು. ಜರ್ಮನ್‌ನಲ್ಲಿ ವಿಭಕ್ತಿಗಳು ನಾಲ್ಕೇ. ನಮ್ಮಲ್ಲಿ ಪ್ರತ್ಯಯ ನಾಮಪದದ ಕೊನೆಗೆ ಅಂಟುತ್ತದೆ; ಅಲ್ಲಿ ಸಾಮಾನ್ಯವಾಗಿ ನಾಮಪದದ ಮುಂದೆ ನಿಲ್ಲುವ ಸಣ್ಣ ಪದ ಬದಲಾಗುತ್ತದೆ. ಅದೂ ಪುಲ್ಲಿಂಗ ಏಕವಚನದಲ್ಲಿ ಮಾತ್ರ: ‘ಡೇರ್’ ಇದ್ದದ್ದು ‘ಡೇನ್’, ‘ಐನ್’ ಇದ್ದದ್ದು ‘ಐನೆನ್’. ಸ್ತ್ರೀಲಿಂಗದ ‘ಡೀ’, ನಪುಂಸಕದ ‘ಡಾಸ್’, ಬಹುವಚನದ ‘ಡೀ’ ಇದ್ದ ಹಾಗೆಯೇ ಇರುತ್ತವೆ.

ಇಷ್ಟು ಸಣ್ಣ ಬದಲಾವಣೆಯಲ್ಲಿ ಎಡವುವುದು ಕನ್ನಡದ ಅಭ್ಯಾಸದಿಂದ. ಶಿವಮೊಗ್ಗದ ವಿನೋಬನಗರದಲ್ಲಿರುವ ನನ್ನ ಮನೆಯ ಜಗಲಿಯಲ್ಲಿ ಸಂಜೆ ಪಾಠ ನಡೆಯುತ್ತದೆ. ಕಳೆದ ಜುಲೈನ ಒಂದು ಸಂಜೆ ಎಂಟು ಮಕ್ಕಳ ಎಂಟು ಛತ್ರಿಗಳು ಗೋಡೆಯ ಕೊಕ್ಕೆಗಳಲ್ಲಿ ನೀರು ಸೋರಿಸುತ್ತ ನೇತಾಡುತ್ತಿದ್ದವು. ‘ನನಗೆ ಛತ್ರಿ ಬೇಕು ಎನ್ನುವುದನ್ನು ಜರ್ಮನ್‌ನಲ್ಲಿ ಹೇಳಿ’ ಎಂದೆ. ಆರು ಮಂದಿ ‘ಇಶ್ ಬ್ರೌಖೆ ಐನ್ ರೇಗೆನ್‌ಶಿರ್ಮ್’ ಎಂದರು. ಛತ್ರಿ ಅಲ್ಲಿ ಪುಲ್ಲಿಂಗ, ‘ಐನೆನ್’ ಎನ್ನಬೇಕಿತ್ತು. ಏಕೆ ತಪ್ಪಿದರು? ‘ಛತ್ರಿಯನ್ನು ಬೇಕು’ ಎಂದು ನಾವು ಹೇಳುವುದಿಲ್ಲವಲ್ಲ! ಕನ್ನಡದಲ್ಲಿ ‘ನನಗೆ’ ಚತುರ್ಥಿ, ‘ಛತ್ರಿ’ ಪ್ರಥಮಾ. ಜರ್ಮನ್‌ನಲ್ಲಿ ‘ನಾನು’ ಕರ್ತೃ, ಛತ್ರಿ ಕರ್ಮ.

‘ನನಗೆ ಒಬ್ಬ ತಮ್ಮ ಇದ್ದಾನೆ’ ಎಂಬುದರ ಕಥೆಯೂ ಇದೇ: ‘ಇಶ್ ಹಾಬೆ ಐನೆನ್ ಬ್ರೂಡರ್’. ‘ಇಲ್ಲಿ ಒಬ್ಬ ವೈದ್ಯರಿದ್ದಾರೆ’ ಎನ್ನುವಾಗ ನಮಗೆ ‘ಅನ್ನು’ ನೆನಪಿಗೇ ಬರುವುದಿಲ್ಲ; ಅಲ್ಲಿ ‘ಎಸ್ ಗಿಪ್ಟ್ ಹೀಯರ್ ಐನೆನ್ ಆರ್ಟ್ಸ್ಟ್’. ನಾವು ವೈದ್ಯರಿಗೆ ಫೋನ್ ಮಾಡುತ್ತೇವೆ, ಜರ್ಮನ್ನರು ವೈದ್ಯರನ್ನು ಫೋನಿನಲ್ಲಿ ಕರೆಯುತ್ತಾರೆ: ‘ಇಶ್ ರೂಫೆ ಡೇನ್ ಆರ್ಟ್ಸ್ಟ್ ಆನ್’. ಬೇಕು, ಇದೆ, ಫೋನ್ ಮಾಡು — ಇವು ಬಂದ ಕಡೆ ಕನ್ನಡವನ್ನು ನಂಬಬೇಡಿ.

ಇನ್ನೊಂದು ಅಭ್ಯಾಸವಿದೆ. ‘ಕಾಫಿ ಕುಡಿದೆ’, ‘ಅಡಿಕೆ ಸುಲಿದೆವು’ ಎನ್ನುವಾಗ ‘ಅನ್ನು’ ಬಿಟ್ಟರೂ ನಮಗೆ ನಡೆಯುತ್ತದೆ. ‘ಹುಡುಗ ಕರೆದೆ’ ಎಂದರೆ ಮಾತ್ರ ವಾಕ್ಯ ಮುರಿಯುತ್ತದೆ. ಜರ್ಮನ್‌ನಲ್ಲಿ ಜೀವವಿಲ್ಲದ ವಸ್ತುವಿಗೆ ಈ ರಿಯಾಯಿತಿ ಇಲ್ಲ. ಕಾಫಿ ಪುಲ್ಲಿಂಗವಾದ್ದರಿಂದ ‘ಐನೆನ್ ಕಾಫೆ’ ಎನ್ನಲೇಬೇಕು.

ಉಳಿದೆಡೆ ಕನ್ನಡವೇ ನಿಮ್ಮ ದೊಡ್ಡ ಆಸ್ತಿ. ‘ಯಾರನ್ನು?’ ‘ಯಾರಿಗೆ?’ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳಿ. ರೋಗಿಯನ್ನು ಎಬ್ಬಿಸುತ್ತೀರಿ: ‘ಇಶ್ ವೆಕೆ ಡೇನ್ ಪಾಟ್ಸಿಯೆಂಟೆನ್’. ರೋಗಿಗೆ ಸಹಾಯ ಮಾಡುತ್ತೀರಿ: ‘ಇಶ್ ಹೆಲ್ಫೆ ಡೇಮ್ ಪಾಟ್ಸಿಯೆಂಟೆನ್’. ಒಬ್ಬರಿಗೆ ಉತ್ತರಿಸುವುದು, ಒಬ್ಬರಿಗೆ ಧನ್ಯವಾದ ಹೇಳುವುದು ಅಲ್ಲಿಯೂ ಚತುರ್ಥಿ, ಅಂದರೆ ಡಾಟಿವ್. ಒಬ್ಬರನ್ನು ಕೇಳುವುದು, ಒಬ್ಬರನ್ನು ಮದುವೆಯಾಗುವುದು ಅಲ್ಲಿಯೂ ದ್ವಿತೀಯಾ. ಇಂಗ್ಲಿಷ್ ಮೂಲಕ ಜರ್ಮನ್ ಕಲಿಯುವವರಿಗೆ ಈ ಭಾಗ್ಯವಿಲ್ಲ. ‘ಪಾಟ್ಸಿಯೆಂಟ್’ ಎಂಬ ಪದಕ್ಕೇ ‘ಎನ್’ ಸೇರಿದ್ದನ್ನು ಗಮನಿಸಿ. ವಿದ್ಯಾರ್ಥಿ, ನೆರೆಯವನು ಮುಂತಾದ ಕೆಲವು ಪುಲ್ಲಿಂಗ ಪದಗಳೂ ಹೀಗೆ ಬಾಲ ಬೆಳೆಸಿಕೊಳ್ಳುತ್ತವೆ. ‘ಡೇಮ್’ ಎನ್ನುವಾಗ ತುಟಿ ಮುಚ್ಚಬೇಕು, ‘ಡೇನ್’ ಎನ್ನುವಾಗ ತೆರೆದೇ ಇರಬೇಕು. ಕನ್ನಡಿಯ ಮುಂದೆ ನಿಂತು ಹೇಳಿ ನೋಡಿ.

‘ಡೇನ್ ಆರ್ಟ್ಸ್ಟ್ ಫ್ರಾಕ್ಟ್ ಡೇರ್ ಪಾಟ್ಸಿಯೆಂಟ್’ ಎಂಬ ವಾಕ್ಯದಲ್ಲಿ ವೈದ್ಯರು ಮೊದಲು ಬಂದರೂ ಕೇಳುತ್ತಿರುವವನು ರೋಗಿ. ‘ವೈದ್ಯರನ್ನು ರೋಗಿ ಕೇಳುತ್ತಾನೆ’ ಎಂದು ಓದಿಕೊಂಡರೆ ನಿಮಗೆ ಗೊಂದಲವೇ ಇರುವುದಿಲ್ಲ.

ಗೆಳತಿಯ ಲೆಕ್ಕ ತಪ್ಪುವ ಜಾಗ ಒಂದಿದೆ. ಮತ್ತೆ ನಮ್ಮ ಜಗಲಿಗೆ ಬನ್ನಿ. ‘ಕೊಕ್ಕೆಗೆ ಛತ್ರಿ ತೂಗುಹಾಕಿದೆ’, ‘ಕೊಕ್ಕೆಯಲ್ಲಿ ಛತ್ರಿ ತೂಗುತ್ತಿದೆ’. ಮೊದಲನೆಯದರಲ್ಲಿ ಛತ್ರಿ ಅಲ್ಲಿಗೆ ಹೋಯಿತು: ‘ಆನ್ ಡೇನ್ ಹಾಕೆನ್’, ಅಕುಜಾಟಿವ್. ಎರಡನೆಯದರಲ್ಲಿ ಅದು ಅಲ್ಲೇ ಇದೆ: ‘ಆನ್ ಡೇಮ್ ಹಾಕೆನ್’, ಡಾಟಿವ್. ಕಾಡಿಗೆ ಹೋದರೆ ‘ಇನ್ ಡೇನ್ ವಾಲ್ಡ್’, ಕಾಡಿನಲ್ಲಿದ್ದರೆ ‘ಇನ್ ಡೇಮ್ ವಾಲ್ಡ್’. ಮಾತಿನಲ್ಲಿ ಇದು ‘ಇಮ್ ವಾಲ್ಡ್’ ಆಗುತ್ತದೆ. ಮೇಲೆ, ಒಳಗೆ, ಕೆಳಗೆ, ಪಕ್ಕ, ನಡುವೆ ಎಂಬಂಥ ಒಂಬತ್ತು ಪದಗಳಿಗೆ ಈ ನಿಯಮ. ನಮ್ಮ ‘ಗೆ’ ಇದ್ದಲ್ಲಿ ಅವರ ಅಕುಜಾಟಿವ್, ನಮ್ಮ ‘ಅಲ್ಲಿ’ ಇದ್ದಲ್ಲಿ ಅವರ ಡಾಟಿವ್ ಬರುವುದು ಇಲ್ಲಿ. ನಿಮ್ಮ ತಪ್ಪುಗಳಲ್ಲಿ ಬಹಳಷ್ಟು ಇಲ್ಲಿಯೇ ಇರಬೇಕು. ಉತ್ತರಪತ್ರಿಕೆ ತೆಗೆದು ಒಮ್ಮೆ ನೋಡಿ.

ಪ್ರಶ್ನೆ: ಜರ್ಮನ್‌ನಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ ಎಂದು ಮಗಳು ಹೇಳುತ್ತಾಳೆ. ನಿಜವೇ? ಇದನ್ನೆಲ್ಲ ಉರು ಹೊಡೆಯಲೇಬೇಕೇ?
— ಅಡಿಕೆ ಬೆಳೆಗಾರರು, ಸಾಗರ

ಉತ್ತರ: ನಿಜ. ಡೇರ್ ಲೋಫೆಲ್, ಡೀ ಗಾಬೆಲ್, ಡಾಸ್ ಮೆಸರ್. ಕನ್ನಡದಲ್ಲಿ ಅರ್ಥ ನೋಡಿದರೆ ಲಿಂಗ ತಿಳಿಯುತ್ತದೆ; ಜರ್ಮನ್‌ನಲ್ಲಿ ವಸ್ತುಗಳ ಮಟ್ಟಿಗೆ ಅರ್ಥ ನೆರವಿಗೆ ಬರುವುದಿಲ್ಲ. ‘ಚಮಚ ಕೊಡಿ’ ಎನ್ನುವಾಗ ‘ಡೇನ್ ಲೋಫೆಲ್’ ಎಂದು ಬದಲಾಗುತ್ತದೆ, ಉಳಿದೆರಡು ಬದಲಾಗುವುದಿಲ್ಲ. ಲಿಂಗ ಗೊತ್ತಿಲ್ಲದೆ ವಿಭಕ್ತಿ ಬರುವುದಿಲ್ಲ ಎಂಬುದು ಇದಕ್ಕೇ. ಮಗಳು ಬರಿಯ ‘ಲೋಫೆಲ್’ ಎಂದು ಎಂದಿಗೂ ಕಲಿಯದಿರಲಿ; ‘ಡೇರ್ ಲೋಫೆಲ್’ ಎಂಬುದೇ ಒಂದು ಪದವೆಂದು ಕಲಿಯಲಿ. ಊಟಕ್ಕೆ ಕೂತಾಗ ನೀವೇ ಕೇಳಿ, ಅವಳು ಹೇಳಲಿ.

ಪ್ರಶ್ನೆ: ಬೆಳಿಗ್ಗೆ ‘ಗೂಟೆನ್ ಮೋರ್ಗೆನ್’, ಸಂಜೆ ‘ಗೂಟೆನ್ ಆಬೆಂಟ್’, ರಾತ್ರಿ ಮಾತ್ರ ‘ಗೂಟೆ ನಾಖ್ಟ್’ ಏಕೆ?
— ಹತ್ತನೇ ತರಗತಿ ವಿದ್ಯಾರ್ಥಿ, ಹೊಸನಗರ

ಉತ್ತರ: ಎಷ್ಟು ಒಳ್ಳೆಯ ಪ್ರಶ್ನೆ ಮಗು! ‘ನಿಮಗೆ ಒಳ್ಳೆಯ ಬೆಳಗನ್ನು ಹಾರೈಸುತ್ತೇನೆ’ ಎಂಬ ಪೂರ್ತಿ ವಾಕ್ಯದ ತುಂಡು ಅದು. ಬೆಳಗು ಹಾರೈಕೆಯ ಕರ್ಮ, ಹಾಗಾಗಿ ಅಕುಜಾಟಿವ್. ಮೋರ್ಗೆನ್, ಆಬೆಂಟ್ ಪುಲ್ಲಿಂಗವಾದ್ದರಿಂದ ‘ಗೂಟೆನ್’. ನಾಖ್ಟ್ ಸ್ತ್ರೀಲಿಂಗ, ಆದ್ದರಿಂದ ‘ಗೂಟೆ’. ಪ್ರಯಾಣ ಎಂಬ ಅರ್ಥದ ‘ರೈಜೆ’ಯೂ ಸ್ತ್ರೀಲಿಂಗ. ಹಾಗಾದರೆ ಅಕ್ಕನನ್ನು ಬೆಂಗಳೂರು ಬಸ್ ಹತ್ತಿಸುವಾಗ ಏನು ಹೇಳುತ್ತೀ?